ಠಾಣೆಯ ಇನ್‌ಸ್ಪೆಕ್ಟರ್ ಬದಲಿಸುವವರು ಯಾರು? ಪೊಲೀಸ್ ಸುಧಾರಣೆ ತುರ್ಭೆ, ಕಲ್ಯಾಣದ ಜನರಿಗೆ ಏನು ಕೊಟ್ಟಿದೆ, ಏನು ಕೊಟ್ಟಿಲ್ಲ

ತುರ್ಭೆ (ನವಿ ಮುಂಬೈ): ಪೊಲೀಸ್ ಸುಧಾರಣೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ದೆಹಲಿಯ ಸಮಿತಿಗಳು, ಸುಪ್ರೀಂ ಕೋರ್ಟ್ ಆದೇಶಗಳು, ಯಾರೂ ಓದದ ದಪ್ಪ ವರದಿಗಳು. ಆದರೆ ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹೊರಬರುವ ಕಲಬುರಗಿ ಕಡೆಯ ಕಾರ್ಮಿಕನಿಗೆ, ಎಪಿಎಂಸಿ ಮಾರುಕಟ್ಟೆಗೆ ಈರುಳ್ಳಿ ಲಾರಿ ತರುವ ವಿಜಯಪುರದ ಚಾಲಕನಿಗೆ, ಸ್ಟೇಷನ್ ಪಕ್ಕದಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ಮಾಲೀಕರಿಗೆ ಪ್ರಶ್ನೆ ತೀರಾ ಸರಳ. ಠಾಣೆಗೆ ಹೋದರೆ ದೂರು ಬರೆದುಕೊಳ್ಳುತ್ತಾರೆಯೇ? ಬರೆದುಕೊಳ್ಳದಿದ್ದರೆ ಕೇಳುವವರು ಯಾರು?

ಈ ಎರಡೂ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರವಿದೆ. ಮಹಾರಾಷ್ಟ್ರ 2014ರಲ್ಲೇ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಸುಧಾರಣೆಯ ಮುಖ್ಯ ಅಂಶಗಳನ್ನೆಲ್ಲ ಸೇರಿಸಿಕೊಂಡಿದೆ. ಹೊಸ ಕಾನೂನು ಬೇಕು ಎಂಬ ಬೇಡಿಕೆ ಇಲ್ಲಿ ಅರ್ಧ ಹಳೆಯದು. ಇರುವ ಕಾನೂನಿನಲ್ಲೇ ಬಿಟ್ಟಿರುವ ಒಂದು ಕಿಂಡಿಯ ಮೂಲಕ ಹಳೆಯ ವ್ಯವಸ್ಥೆ ಹೇಗೆ ಮರಳಿ ಒಳಗೆ ಬಂತು ಎಂಬುದೇ ನಿಜವಾದ ಕಥೆ. ಆ ಕಿಂಡಿಯ ಹೆಸರು ವರ್ಗಾವಣೆ.

ಮೊದಲು ಇಲ್ಲಿನ ಭೂಗೋಳ. ತುರ್ಭೆ ಬರುವುದು ನವಿ ಮುಂಬೈ ಪೊಲೀಸ್ ಆಯುಕ್ತಾಲಯದ ವ್ಯಾಪ್ತಿಗೆ. ಈ ಆಯುಕ್ತಾಲಯ ಶುರುವಾದದ್ದು 1994ರಲ್ಲಿ. ಥಾಣೆ, ಕಲ್ಯಾಣ, ಡೊಂಬಿವಲಿ, ಉಲ್ಲಾಸನಗರ, ಅಂಬರನಾಥ, ಬದ್ಲಾಪುರಗಳು ಇನ್ನೂ ಹಳೆಯದಾದ ಥಾಣೆ ಆಯುಕ್ತಾಲಯಕ್ಕೆ ಸೇರಿವೆ. ಎರಡರ ನಡುವೆ ದಿನವೂ ಲೋಕಲ್ ರೈಲಿನಲ್ಲಿ ಓಡಾಡುವವರು ಅಸಂಖ್ಯ. ರೈಲಿನೊಳಗೆ ಏನಾದರೂ ಆದರೆ ಅದು ರೈಲ್ವೆ ಪೊಲೀಸರ ಪಾಲು. ಡೊಂಬಿವಲಿಯಲ್ಲಿ ಮನೆ, ತುರ್ಭೆಯಲ್ಲಿ ಕೆಲಸ ಇರುವ ಒಬ್ಬ ವ್ಯಕ್ತಿ ಒಂದೇ ದಿನದಲ್ಲಿ ಮೂರು ಪೊಲೀಸ್ ವ್ಯವಸ್ಥೆಗಳನ್ನು ದಾಟುತ್ತಾನೆ. "ಇದು ನಮ್ಮ ಹದ್ದಿನಲ್ಲಿ ಬರುವುದಿಲ್ಲ" ಎಂಬ ಮಾತು ಈ ಭಾಗದಲ್ಲಿ ಎಷ್ಟು ಸುಲಭವಾಗಿ ಬರುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಸುಧಾರಣೆ ಎಂದರೆ ಯಾವುದು?

ತುರ್ತು ಪರಿಸ್ಥಿತಿಯ ಕಾಲದಲ್ಲಿ ಪೊಲೀಸರನ್ನು ಬಳಸಿಕೊಂಡ ರೀತಿ ಕಂಡು ಜನತಾ ಸರ್ಕಾರ 1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ನೇಮಿಸಿತು. ಅಧ್ಯಕ್ಷರು ಧರ್ಮವೀರ, ಅದಕ್ಕೂ ಮುಂಚೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಆಯೋಗ 1981ರೊಳಗೆ ಎಂಟು ವರದಿ ಕೊಟ್ಟಿತು. ಅಷ್ಟರಲ್ಲಿ ದೆಹಲಿಯಲ್ಲಿ ಸರ್ಕಾರ ಬದಲಾಗಿತ್ತು. ವರದಿಗಳು ಕಪಾಟು ಸೇರಿದವು.

ಉತ್ತರ ಪ್ರದೇಶ ಮತ್ತು ಅಸ್ಸಾಂನ ಡಿಜಿಪಿ ಆಗಿ, ಬಿಎಸ್‌ಎಫ್ ಮುಖ್ಯಸ್ಥರಾಗಿ ನಿವೃತ್ತರಾದ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟ್‌ಗೆ ಅರ್ಜಿ ಹಾಕಿದರು. ಅರ್ಜಿ ಹತ್ತು ವರ್ಷ ನಡೆಯಿತು. ನಡುವೆ ಮುಂಬೈ ಪೊಲೀಸ್ ಆಯುಕ್ತರಾಗಿದ್ದ ಜೂಲಿಯೊ ರಿಬೆರೊ ಅವರ ಸಮಿತಿ ಬಂತು, ಪದ್ಮನಾಭಯ್ಯ ಸಮಿತಿ ಬಂತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿಯೂ 2003ರಲ್ಲಿ ವರದಿ ನೀಡಿ, ತನಿಖೆ ಮಾಡುವ ಪೊಲೀಸರನ್ನು ಬಂದೋಬಸ್ತಿನ ಪೊಲೀಸರಿಂದ ಬೇರೆ ಮಾಡಿ ಎಂದಿತು. ಕೊನೆಗೆ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಏಳು ನಿರ್ದೇಶನಗಳನ್ನು ಹೊರಡಿಸಿತು. ಒಂದು ಕೇಂದ್ರಕ್ಕೆ, ಆರು ರಾಜ್ಯಗಳಿಗೆ.

ಆ ಆರರ ತಿರುಳು ಇಷ್ಟು. ಪೊಲೀಸ್ ನೀತಿ ರೂಪಿಸಲು ಪ್ರತಿಪಕ್ಷದ ನಾಯಕರು ಮತ್ತು ಸ್ವತಂತ್ರ ಸದಸ್ಯರೂ ಇರುವ ರಾಜ್ಯ ಭದ್ರತಾ ಆಯೋಗ. ಡಿಜಿಪಿಯನ್ನು ಯುಪಿಎಸ್‌ಸಿ ಸೂಚಿಸುವ ಮೂವರು ಹಿರಿಯರಲ್ಲೇ ಆರಿಸಿ ಕನಿಷ್ಠ ಎರಡು ವರ್ಷ ಇಡಬೇಕು. ಜಿಲ್ಲಾ ಎಸ್‌ಪಿಯಿಂದ ಹಿಡಿದು ಠಾಣೆಯ ಮುಖ್ಯಸ್ಥರವರೆಗೆ ಎಲ್ಲರಿಗೂ ಎರಡು ವರ್ಷದ ಖಚಿತ ಅವಧಿ. ತನಿಖೆ ಒಂದು ಕಡೆ, ಕಾನೂನು-ಸುವ್ಯವಸ್ಥೆ ಇನ್ನೊಂದು ಕಡೆ. ವರ್ಗಾವಣೆ, ಬಡ್ತಿ ನೋಡಿಕೊಳ್ಳಲು ಹಿರಿಯ ಪೊಲೀಸ್ ಅಧಿಕಾರಿಗಳದೇ ಮಂಡಳಿ. ಪೊಲೀಸರ ಮೇಲಿನ ದೂರು ಕೇಳಲು ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ನ್ಯಾಯಾಧೀಶರ ಅಧ್ಯಕ್ಷತೆಯ ಪ್ರಾಧಿಕಾರ.

ಈ ಪಟ್ಟಿಯಲ್ಲಿ ಜನಸಾಮಾನ್ಯರು ನೇರವಾಗಿ ಬಾಗಿಲು ತಟ್ಟಬಹುದಾದದ್ದು ಕೊನೆಯದು ಮಾತ್ರ. ಉಳಿದವು ಪೊಲೀಸ್ ಮತ್ತು ಮಂತ್ರಿಯ ನಡುವಿನ ಸಂಬಂಧವನ್ನು ಬದಲಿಸುವಂಥವು. ಹಾಗಾಗಿಯೇ ಅವು ಚುನಾವಣಾ ವಿಷಯವಾಗುವುದಿಲ್ಲ.

ಮಹಾರಾಷ್ಟ್ರ ಬರೆದ ಕಾನೂನು

ನಮ್ಮ ಪೊಲೀಸರು ಇನ್ನೂ 1861ರ ಬ್ರಿಟಿಷ್ ಕಾಯ್ದೆಯಲ್ಲಿ ನಡೆಯುತ್ತಿದ್ದಾರೆ ಎಂಬ ಮಾತು ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. ಮಹಾರಾಷ್ಟ್ರದ ಮಟ್ಟಿಗೆ ಅದು ಸರಿಯಲ್ಲ. ಇಲ್ಲಿರುವುದು 1951ರ ಬಾಂಬೆ ಪೊಲೀಸ್ ಕಾಯ್ದೆ; ಈಗ ಅದರ ಹೆಸರು ಮಹಾರಾಷ್ಟ್ರ ಪೊಲೀಸ್ ಕಾಯ್ದೆ. ಕರ್ನಾಟಕದ್ದು 1963ರದು. ಎರಡೂ ಸ್ವತಂತ್ರ ಭಾರತದ ಶಾಸಕರು ಬರೆದವೇ.

ಕನ್ನಡ, ತುಳು ಹೋಟೆಲಿಗರಿಗೆ ಈ ಕಾಯ್ದೆಯ ಪರಿಚಯ ಬೇರೆ ರೀತಿಯಲ್ಲಿ ಆಗಿದೆ. 2005ರಲ್ಲಿ ಡ್ಯಾನ್ಸ್ ಬಾರ್‌ಗಳನ್ನು ನಿಷೇಧಿಸಿದ್ದು ಇದೇ ಕಾಯ್ದೆಗೆ 33ಎ ಎಂಬ ಕಲಂ ಸೇರಿಸುವ ಮೂಲಕ. ಆಗ ಅದರ ಹಿಂದಿದ್ದವರು ಎನ್‌ಸಿಪಿಯ ಆರ್.ಆರ್. ಪಾಟೀಲ್. ಬಾಂಬೆ ಹೈಕೋರ್ಟ್ 2006ರಲ್ಲಿ ಅದನ್ನು ರದ್ದುಪಡಿಸಿತು, ಸುಪ್ರೀಂ ಕೋರ್ಟ್ 2013ರಲ್ಲಿ ಆ ತೀರ್ಪನ್ನು ಎತ್ತಿಹಿಡಿಯಿತು. 2014ರಲ್ಲಿ ಸುಧಾರಣೆಯ ತಿದ್ದುಪಡಿ ಬಂದಾಗಲೂ ಗೃಹ ಸಚಿವರು ಅದೇ ಪಾಟೀಲರು.

2014ರ ತಿದ್ದುಪಡಿ ಮೇಲ್ನೋಟಕ್ಕೆ ಸುಪ್ರೀಂ ಕೋರ್ಟ್ ಹೇಳಿದ್ದನ್ನೆಲ್ಲ ಒಪ್ಪಿಕೊಂಡಿದೆ. ರಾಜ್ಯ ಭದ್ರತಾ ಆಯೋಗ ಇದೆ, ವರ್ಗಾವಣೆ ಮಂಡಳಿಗಳಿವೆ, ದೂರು ಪ್ರಾಧಿಕಾರಗಳಿವೆ. 22ಎನ್ ಕಲಂ ಪ್ರಕಾರ ಸಬ್ ಇನ್‌ಸ್ಪೆಕ್ಟರ್‌ನಿಂದ ಇನ್‌ಸ್ಪೆಕ್ಟರ್‌ವರೆಗಿನ ಅಧಿಕಾರಿಗೆ ಒಂದು ಠಾಣೆಯಲ್ಲಿ ಎರಡು ವರ್ಷ, ಕಾನ್‌ಸ್ಟೇಬಲ್‌ಗೆ ಒಂದೇ ಜಾಗದಲ್ಲಿ ಐದು ವರ್ಷ.

ವ್ಯತ್ಯಾಸ ಕಾಣುವುದು ವಿವರಕ್ಕಿಳಿದಾಗ. ವರ್ಗಾವಣೆ ಮಂಡಳಿಗೆ ಡಿಜಿಪಿ ಮುಖ್ಯಸ್ಥರಾಗಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಮಹಾರಾಷ್ಟ್ರದ ಮೊದಲನೇ ಮಂಡಳಿಗೆ ಗೃಹ ಇಲಾಖೆಯ ಅಪರ ಮುಖ್ಯ ಕಾರ್ಯದರ್ಶಿ ಅಧ್ಯಕ್ಷರು, ಡಿಜಿಪಿ ಉಪಾಧ್ಯಕ್ಷರು. ಅಂದರೆ ಮಂತ್ರಿಯ ಕಚೇರಿಗೆ ಫೈಲು ಹೊತ್ತು ಹೋಗುವ ಅಧಿಕಾರಿಯೇ ಅಧ್ಯಕ್ಷ.

ಅದಕ್ಕಿಂತ ದೊಡ್ಡದು ಎರಡನೇ ಉಪಕಲಂ. ಸಾರ್ವಜನಿಕ ಹಿತಾಸಕ್ತಿ, ಆಡಳಿತಾತ್ಮಕ ಅಗತ್ಯ ಎಂಬ ಕಾರಣ ಕೊಟ್ಟು "ಅಪವಾದಾತ್ಮಕ ಸಂದರ್ಭ"ದಲ್ಲಿ ಅವಧಿಗೆ ಮುನ್ನವೇ ವರ್ಗ ಮಾಡಬಹುದು. ಐಪಿಎಸ್ ಅಧಿಕಾರಿಯಾದರೆ ಆ ಅಧಿಕಾರ ಮುಖ್ಯಮಂತ್ರಿಗೆ, ರಾಜ್ಯ ಸೇವೆಯ ಇನ್‌ಸ್ಪೆಕ್ಟರ್ ಮತ್ತು ಮೇಲಿನವರಾದರೆ ಗೃಹ ಸಚಿವರಿಗೆ. ಎರಡು ವರ್ಷದ ಭರವಸೆ ಮೊದಲ ಸಾಲಿನಲ್ಲಿ, ಅದನ್ನು ಮುರಿಯುವ ಕೀಲಿ ಕೆಲವೇ ಸಾಲು ಕೆಳಗೆ.

ಒಂದು ವರ್ಗಾವಣೆಯ ಬೆಲೆ

ಠಾಣೆಯ ಸೀನಿಯರ್ ಇನ್‌ಸ್ಪೆಕ್ಟರ್ ಹುದ್ದೆ ಸಾಮಾನ್ಯದ್ದಲ್ಲ. ಕಾರ್ಖಾನೆ, ಮಾರುಕಟ್ಟೆ, ಬಾರು, ಗೋದಾಮು, ಜಾಗದ ವ್ಯಾಜ್ಯ ಎಲ್ಲ ಇರುವ ಕಡೆಯಲ್ಲಂತೂ ಆ ಕುರ್ಚಿಗೆ ಬೇಡಿಕೆ ಹೆಚ್ಚು. ಯಾರ ಚೀಟಿಯಿಂದ ಆ ಕುರ್ಚಿ ಸಿಗುತ್ತದೋ ಅವರ ಫೋನಿಗೆ ಅಲ್ಲಿ ಕೂತವರು ಕಿವಿಗೊಡುವುದು ಸಹಜ. ಯಾರ ಫೋನಿನಿಂದ ಆ ಕುರ್ಚಿ ಹೋಗುತ್ತದೋ ಅವರಿಗೆ ಇನ್ನೂ ಬೇಗ.

ಇದು ಬರಿಯ ಊಹೆಯಲ್ಲ ಎಂದು ತೋರಿಸಿದ ವರ್ಷ 2021. ಮಾರ್ಚ್ 17ರಂದು ಮುಂಬೈ ಪೊಲೀಸ್ ಆಯುಕ್ತ ಪರಮ್‌ಬೀರ್ ಸಿಂಗ್ ಅವರನ್ನು ಹೋಮ್ ಗಾರ್ಡ್ಸ್‌ಗೆ ವರ್ಗ ಮಾಡಲಾಯಿತು. ಮೂರು ದಿನದ ನಂತರ ಅವರು ಮುಖ್ಯಮಂತ್ರಿಗೆ ಪತ್ರ ಬರೆದರು. ಗೃಹ ಸಚಿವ ಅನಿಲ್ ದೇಶಮುಖ್ ಪೊಲೀಸ್ ಅಧಿಕಾರಿಯೊಬ್ಬರಿಗೆ ತಿಂಗಳಿಗೆ 100 ಕೋಟಿ ರೂಪಾಯಿ ಸಂಗ್ರಹಿಸಲು ಹೇಳಿದ್ದರು ಎಂಬುದು ಆರೋಪ. ಮುಂಬೈಯ ಸುಮಾರು 1,750 ಬಾರ್, ರೆಸ್ಟೋರೆಂಟ್‌ಗಳಿಂದ ತಲಾ 2-3 ಲಕ್ಷ ಎಂಬ ಲೆಕ್ಕವೂ ಪತ್ರದಲ್ಲಿತ್ತು. ಆ 1,750ರಲ್ಲಿ ಎಷ್ಟು ಕರಾವಳಿಯವರದು ಎಂದು ಯಾರೂ ಎಣಿಸಿಲ್ಲ, ಆದರೆ ಪತ್ರ ಓದಿದ ಹೋಟೆಲಿಗರಿಗೆ ಅದು ದೂರದ ರಾಜಕೀಯ ಸುದ್ದಿಯಾಗಿ ಕಾಣಲಿಲ್ಲ.

ದೇಶಮುಖ್ ಆರೋಪ ನಿರಾಕರಿಸಿದರು. ಬಾಂಬೆ ಹೈಕೋರ್ಟ್ ಏಪ್ರಿಲ್ 5ರಂದು ಸಿಬಿಐ ಪ್ರಾಥಮಿಕ ವಿಚಾರಣೆಗೆ ಆದೇಶಿಸಿತು, ಅದೇ ದಿನ ಅವರು ರಾಜೀನಾಮೆ ಕೊಟ್ಟರು, ನವೆಂಬರ್‌ನಲ್ಲಿ ಬಂಧನವಾಯಿತು, ಮುಂದಿನ ವರ್ಷದ ಡಿಸೆಂಬರ್‌ನಲ್ಲಿ ಜಾಮೀನಿನ ಮೇಲೆ ಹೊರಬಂದರು. ಪರಮ್‌ಬೀರ್ ಸಿಂಗ್ ಮೇಲೂ ಸುಲಿಗೆ ಪ್ರಕರಣಗಳು ದಾಖಲಾದವು, ಅಮಾನತಾಯಿತು. ರಾಜ್ಯದಲ್ಲಿ ಸರ್ಕಾರ ಬದಲಾದ ಮೇಲೆ 2023ರ ಮೇನಲ್ಲಿ ಆ ಅಮಾನತು ರದ್ದಾಯಿತು. ಯಾರು ಸರಿ, ಯಾರು ತಪ್ಪು ಎಂಬುದು ನ್ಯಾಯಾಲಯದ ವಿಷಯ. ಓದುಗರು ಗಮನಿಸಬೇಕಾದದ್ದು ಬೇರೆ: ಆಯುಕ್ತರು ಕುರ್ಚಿಯಲ್ಲಿದ್ದಷ್ಟು ದಿನ ಈ ಪತ್ರ ಬರಲಿಲ್ಲ, ಕುರ್ಚಿ ಹೋದ ಮೂರೇ ದಿನಕ್ಕೆ ಬಂತು.

ಅದೇ ತಿಂಗಳು ಇನ್ನೊಂದು ಕಡತ ಹೊರಬಂತು. ರಾಜ್ಯ ಗುಪ್ತಚರ ವಿಭಾಗದ ಮುಖ್ಯಸ್ಥೆಯಾಗಿದ್ದ ರಶ್ಮಿ ಶುಕ್ಲಾ, ಪೊಲೀಸ್ ವರ್ಗಾವಣೆಗಳಲ್ಲಿ ದಲ್ಲಾಳಿಗಳು ಕೆಲಸ ಮಾಡುತ್ತಿದ್ದಾರೆ ಎಂದು 2020ರಲ್ಲೇ ವರದಿ ಕೊಟ್ಟಿದ್ದರು. ಆಗ ಪ್ರತಿಪಕ್ಷದ ನಾಯಕರಾಗಿದ್ದ ದೇವೇಂದ್ರ ಫಡ್ನವೀಸ್ ಅದನ್ನು ಬಹಿರಂಗಪಡಿಸಿದರು. ಆಮೇಲಿನ ಚರ್ಚೆಯೆಲ್ಲ ಫೋನ್ ಕದ್ದಾಲಿಕೆ ಹೇಗಾಯಿತು, ವರದಿ ಸೋರಿದ್ದು ಹೇಗೆ ಎಂಬುದರ ಸುತ್ತಲೇ ನಡೆಯಿತು. ದಲ್ಲಾಳಿಗಳ ವಿಷಯ ಹಿಂದೆ ಸರಿಯಿತು.

ಶುಕ್ಲಾ 2024ರ ಜನವರಿಯಲ್ಲಿ ರಾಜ್ಯದ ಡಿಜಿಪಿಯಾದರು, ಆ ಹುದ್ದೆಗೇರಿದ ಮೊದಲ ಮಹಿಳೆ. ನವೆಂಬರ್ 4ರಂದು, ವಿಧಾನಸಭೆ ಚುನಾವಣೆಗೆ ಮುನ್ನ, ಕಾಂಗ್ರೆಸ್ ದೂರಿನ ನಂತರ ಚುನಾವಣಾ ಆಯೋಗ ಅವರನ್ನು ಬದಲಿಸಿ ಸಂಜಯ್ ವರ್ಮಾ ಅವರನ್ನು ತಂದಿತು. 23ರಂದು ಫಲಿತಾಂಶ ಬಂತು. ಎರಡು-ಮೂರು ದಿನದಲ್ಲಿ ಶುಕ್ಲಾ ಮರಳಿ ಅದೇ ಕುರ್ಚಿಯಲ್ಲಿದ್ದರು. ಅದಕ್ಕೂ ಹಿಂದಿನ ಮಹಾವಿಕಾಸ ಆಘಾಡಿ ಕಾಲದಲ್ಲಿ 2021ರಿಂದ 2022ರ ಫೆಬ್ರವರಿವರೆಗೆ ಸಂಜಯ್ ಪಾಂಡೆ "ಹಂಗಾಮಿ" ಡಿಜಿಪಿಯಾಗಿದ್ದರು. ಹಂಗಾಮಿ ಡಿಜಿಪಿ ನೇಮಿಸಬೇಡಿ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು. ಇಲ್ಲಿ ಬಾಂಬೆ ಹೈಕೋರ್ಟ್ ತರಾಟೆಗೆ ತೆಗೆದುಕೊಂಡ ಮೇಲೆ ಬದಲಾವಣೆ ಆಯಿತು. ಡಿಜಿಪಿ ಮಟ್ಟದಲ್ಲೇ ಹೀಗಾದರೆ ತುರ್ಭೆಯ ಇನ್‌ಸ್ಪೆಕ್ಟರ್ ಎಷ್ಟರವರು?

ಠಾಣೆಯೊಳಗೇ ಗುಂಡು

ರಾಜಕೀಯ ಮತ್ತು ಠಾಣೆಯ ನಂಟಿಗೆ ಈ ಭಾಗದಲ್ಲಿ ಸಿಗುವ ಅತ್ಯಂತ ಕಟುವಾದ ಉದಾಹರಣೆ ಉಲ್ಲಾಸನಗರದ ಹಿಲ್‌ಲೈನ್ ಪೊಲೀಸ್ ಠಾಣೆಯದು. 2024ರ ಫೆಬ್ರವರಿ 2ರ ರಾತ್ರಿ ಜಾಗದ ವ್ಯಾಜ್ಯವೊಂದಕ್ಕೆ ಸಂಬಂಧಿಸಿ ಎರಡು ಗುಂಪುಗಳು ಠಾಣೆಗೆ ಬಂದಿದ್ದವು. ಒಂದು ಕಡೆ ಕಲ್ಯಾಣ ಪೂರ್ವದ ಆಗಿನ ಬಿಜೆಪಿ ಶಾಸಕ ಗಣಪತ್ ಗಾಯಕ್ವಾಡ್, ಇನ್ನೊಂದು ಕಡೆ ಶಿಂದೆ ಬಣದ ಶಿವಸೇನೆ ನಾಯಕ ಮಹೇಶ್ ಗಾಯಕ್ವಾಡ್. ಸೀನಿಯರ್ ಇನ್‌ಸ್ಪೆಕ್ಟರ್ ಕೋಣೆಯಲ್ಲೇ ಗುಂಡು ಹಾರಿತು. ಶಾಸಕರ ಬಂಧನವಾಯಿತು. ಇಬ್ಬರೂ ಆಡಳಿತ ಮೈತ್ರಿಕೂಟದವರೇ. ಘಟನೆಯ ದೃಶ್ಯ ಠಾಣೆಯ ಸಿಸಿಟಿವಿಯಲ್ಲಿ ದಾಖಲಾಗಿ ರಾಜ್ಯವೆಲ್ಲ ನೋಡಿತು.

ಪ್ರಕರಣದ ತೀರ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಜಮೀನು ವ್ಯಾಜ್ಯದ ಎರಡು ರಾಜಕೀಯ ಗುಂಪುಗಳು ಸಿವಿಲ್ ಕೋರ್ಟ್ ಬದಲು ಇನ್‌ಸ್ಪೆಕ್ಟರ್ ಕೋಣೆಯಲ್ಲಿ ಎದುರಾಗಿದ್ದೇಕೆ ಎಂಬ ಪ್ರಶ್ನೆ ಆಗ ಹೆಚ್ಚು ಚರ್ಚೆಯಾಗಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಆ ಕ್ಷೇತ್ರದಿಂದ ಬಿಜೆಪಿ ಅವರ ಪತ್ನಿ ಸುಲಭಾ ಗಾಯಕ್ವಾಡ್ ಅವರಿಗೆ ಟಿಕೆಟ್ ಕೊಟ್ಟಿತು, ಅವರು ಗೆದ್ದರು. ಮತದಾರರ ಮನಸ್ಸಿನಲ್ಲಿ ಪೊಲೀಸ್ ಸುಧಾರಣೆಗೆ ಇರುವ ಜಾಗದ ಬಗ್ಗೆ ಇದರಿಂದ ಏನಾದರೂ ತಿಳಿಯುತ್ತದೆ.

ತನಿಖೆ ಬೇರೆ, ಬಂದೋಬಸ್ತ್ ಬೇರೆ?

ಸುಪ್ರೀಂ ಕೋರ್ಟ್ ಈ ಪ್ರತ್ಯೇಕತೆಯನ್ನು ಮೊದಲು ಹತ್ತು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಜಾರಿಗೊಳಿಸಲು ಹೇಳಿತ್ತು. 2011ರ ಜನಗಣತಿಯಂತೆ ನವಿ ಮುಂಬೈ ಪಾಲಿಕೆ ವ್ಯಾಪ್ತಿಯಲ್ಲಿ 11 ಲಕ್ಷ, ಕಲ್ಯಾಣ-ಡೊಂಬಿವಲಿಯಲ್ಲಿ 12 ಲಕ್ಷ, ಥಾಣೆಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅಂದರೆ ಮೂರೂ ನಗರಗಳು ಪಟ್ಟಿಯ ಮೊದಲ ಸಾಲಿನವು.

ಇದು ಜಾರಿಯಾದರೆ ಏನಾಗುತ್ತದೆ? ಕಳ್ಳತನದ ಕೇಸು ಹಿಡಿದ ಸಬ್ ಇನ್‌ಸ್ಪೆಕ್ಟರ್‌ನನ್ನು ಗಣೇಶ ವಿಸರ್ಜನೆ, ಮಂತ್ರಿಗಳ ಭೇಟಿ, ಮೋರ್ಚಾ ಬಂದೋಬಸ್ತಿಗೆ ಎಳೆಯುವಂತಿಲ್ಲ. ಸಾಕ್ಷಿ ಹೇಳಿಕೆ ಪಡೆಯಲು ಕರೆದು, ಬಂದವನಿಗೆ "ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಬನ್ನಿ" ಎಂದು ಕಳಿಸುವುದು ತಪ್ಪುತ್ತದೆ. ದಿನಗೂಲಿಯವನಿಗೆ ಆ "ನಾಳೆ" ಎಂದರೆ ಒಂದು ದಿನದ ಸಂಬಳ. ಆದರೆ ಇದಕ್ಕೆ ಹೆಚ್ಚು ಸಿಬ್ಬಂದಿ ಬೇಕು, ಹೆಚ್ಚು ಹಣ ಬೇಕು. 2016ರಲ್ಲಿ ಮುಂಬೈಯ ದೇವನಾರ್ ಠಾಣೆಯಲ್ಲಿ ಕಾನ್‌ಸ್ಟೇಬಲ್ ಒಬ್ಬರ ಸಲಹೆಯಂತೆ ಎಂಟು ಗಂಟೆಯ ಪಾಳಿ ಶುರು ಮಾಡಲಾಗಿತ್ತು. ಪೊಲೀಸನಿಗೆ ಎಂಟು ಗಂಟೆ ಕೆಲಸ ಎಂಬುದೇ ಆಗ ದೊಡ್ಡ ಸುದ್ದಿಯಾಯಿತು. ಹನ್ನೆರಡು, ಹದಿನಾಲ್ಕು ಗಂಟೆ ನಿಂತ ಮನುಷ್ಯನಿಂದ ಸೌಜನ್ಯ ನಿರೀಕ್ಷಿಸುವುದೂ ಕಷ್ಟವೇ. ಈ ಮಾತು ಸುಧಾರಣೆಯ ಚರ್ಚೆಯಲ್ಲಿ ಯಾವಾಗಲೂ ಕೊನೆಗೆ ಬರುತ್ತದೆ.

ಬದ್ಲಾಪುರ ಕಲಿಸಿದ್ದು

2024ರ ಆಗಸ್ಟ್‌ನಲ್ಲಿ ಥಾಣೆ ಜಿಲ್ಲೆಯ ಬದ್ಲಾಪುರದ ಶಾಲೆಯೊಂದರಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದ ದೂರು ಬಂತು. ಎಫ್‌ಐಆರ್ ದಾಖಲಿಸಲು ಪೋಷಕರು ಗಂಟೆಗಟ್ಟಲೆ ಠಾಣೆಯಲ್ಲಿ ಕಾಯಬೇಕಾಯಿತು. ಆಗಸ್ಟ್ 20ರಂದು ಸಿಟ್ಟಿಗೆದ್ದ ಜನ ಬದ್ಲಾಪುರ ನಿಲ್ದಾಣದಲ್ಲಿ ಹಳಿಗಿಳಿದು ಇಡೀ ದಿನ ರೈಲು ನಿಲ್ಲಿಸಿದರು. ಬಳಿಕ ಮೂವರು ಪೊಲೀಸರ ಅಮಾನತಿಗೆ ಸರ್ಕಾರ ಆದೇಶಿಸಿತು.

ಕಾನೂನಿನ ಪ್ರಕಾರ ಇಲ್ಲಿ ಗೊಂದಲಕ್ಕೆ ಜಾಗವೇ ಇರಲಿಲ್ಲ. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. ಹಾಗಿದ್ದೂ ಒಂದು ಎಫ್‌ಐಆರ್‌ಗಾಗಿ ಊರೇ ಹಳಿಗಿಳಿಯಬೇಕಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೆಪ್ಟೆಂಬರ್ 23ರಂದು ಆರೋಪಿಯನ್ನು ತುರ್ಭೆಗೆ ಹೆಚ್ಚು ದೂರವಲ್ಲದ ತಳೋಜಾ ಜೈಲಿನಿಂದ ಕರೆದೊಯ್ಯುವಾಗ ಮುಂಬ್ರಾ ಬೈಪಾಸ್ ಬಳಿ ಪೊಲೀಸ್ ವಾಹನದೊಳಗೆ ಗುಂಡೇಟಿನಿಂದ ಆತ ಸತ್ತ. ಆತ ಪಿಸ್ತೂಲು ಕಸಿದು ಗುಂಡು ಹಾರಿಸಿದ, ಆತ್ಮರಕ್ಷಣೆಗೆ ಗುಂಡು ಹೊಡೆದೆವು ಎಂದು ಪೊಲೀಸರು ಹೇಳಿದರು. ಹಲವು ಕಡೆ ಸಿಹಿ ಹಂಚಲಾಯಿತು. ಆದರೆ ಮ್ಯಾಜಿಸ್ಟ್ರೇಟ್ ವಿಚಾರಣೆಯ ವರದಿ 2025ರ ಜನವರಿಯಲ್ಲಿ ಹೈಕೋರ್ಟ್ ಮುಂದೆ ಬಂದಾಗ ಅದು ಐವರು ಪೊಲೀಸರನ್ನು ಸಾವಿಗೆ ಹೊಣೆ ಮಾಡಿತ್ತು. ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ವಿಶೇಷ ತನಿಖಾ ತಂಡಕ್ಕೆ ಆದೇಶಿಸಿತು, ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತುಸು ಬದಲಿಸಿ ತಂಡ ರಚನೆಯನ್ನು ಡಿಜಿಪಿಗೆ ಬಿಟ್ಟಿತು.

ಮೊದಲು ದೂರು ಬರೆದುಕೊಳ್ಳುವುದರಲ್ಲಿ ವಿಳಂಬ, ಕೊನೆಗೆ ವಿಚಾರಣೆಗೆ ಮುನ್ನವೇ ಆರೋಪಿಯ ಸಾವು. ಎರಡರ ನಡುವೆ ಆ ಮಕ್ಕಳಿಗೆ ಸಿಗಬೇಕಿದ್ದದ್ದು ನ್ಯಾಯಾಲಯದಲ್ಲಿ ಸಾಬೀತಾದ ಶಿಕ್ಷೆ. ಅದು ಸಿಗಲೇ ಇಲ್ಲ.

ಪೊಲೀಸರ ಮೇಲೆ ದೂರು ಎಲ್ಲಿಗೆ?

ಇಂಥ ಪ್ರಕರಣಗಳಿಗೆಂದೇ ಇರುವುದು ಪೊಲೀಸ್ ದೂರು ಪ್ರಾಧಿಕಾರ. ಮಹಾರಾಷ್ಟ್ರದ ಕಾಯ್ದೆಯಲ್ಲಿ ರಾಜ್ಯ ಪ್ರಾಧಿಕಾರಕ್ಕೆ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಅಧ್ಯಕ್ಷರು. ಕಸ್ಟಡಿ ಸಾವು, ತೀವ್ರ ಗಾಯ, ಅತ್ಯಾಚಾರ ಅಥವಾ ಅದರ ಯತ್ನ, ನಿಯಮ ಪಾಲಿಸದ ಬಂಧನ, ಭ್ರಷ್ಟಾಚಾರ, ಸುಲಿಗೆ, ಜಮೀನು-ಮನೆ ಕಬಳಿಕೆ, ಅಧಿಕಾರದ ಗಂಭೀರ ದುರುಪಯೋಗ ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಪಟ್ಟಿ ಸಾಕಷ್ಟು ವಿಶಾಲವಾಗಿಯೇ ಇದೆ.

ಕೊರತೆ ಇರುವುದು ದೂರದಲ್ಲಿ. ಜಿಲ್ಲೆಗೊಂದು ಪ್ರಾಧಿಕಾರ ಇರಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದರೆ ಮಹಾರಾಷ್ಟ್ರ ಕಂದಾಯ ವಿಭಾಗಕ್ಕೊಂದು ಎಂದು ಬರೆದುಕೊಂಡಿತು. ತುರ್ಭೆ, ಕಲ್ಯಾಣ ಬರುವ ಕೊಂಕಣ ವಿಭಾಗದಲ್ಲಿ ಮುಂಬೈ ನಗರ, ಮುಂಬೈ ಉಪನಗರ, ಥಾಣೆ, ಪಾಲ್ಘರ್, ರಾಯಗಡ, ರತ್ನಾಗಿರಿ, ಸಿಂಧುದುರ್ಗ ಸೇರಿ ಏಳು ಜಿಲ್ಲೆಗಳಿವೆ. ಗುಜರಾತ್ ಗಡಿಯಿಂದ ಗೋವಾ ಗಡಿಯವರೆಗೆ ಒಂದೇ ಮೇಜು! ಪ್ರಾಧಿಕಾರದ ಸದಸ್ಯರಲ್ಲಿ ನಿವೃತ್ತ ಪೊಲೀಸ್ ಅಧಿಕಾರಿಗೂ ಜಾಗವಿದೆ. ಹೀಗೊಂದು ಸಂಸ್ಥೆ ಇದೆ ಎಂಬುದೇ ಹೆಚ್ಚಿನವರಿಗೆ ಗೊತ್ತಿಲ್ಲ. ಠಾಣೆಯ ಗೋಡೆಯ ಮೇಲೆ ಭ್ರಷ್ಟಾಚಾರ ನಿಗ್ರಹ ದಳದ ನಂಬರ್ ಕಾಣುವಷ್ಟು ಸುಲಭವಾಗಿ ಇದರ ವಿಳಾಸ ಕಾಣುವುದಿಲ್ಲ.

ರಾಜಕೀಯದಲ್ಲಿ ಇದಕ್ಕೆ ಭವಿಷ್ಯವಿದೆಯೇ?

ಚುಟುಕಾಗಿ ಹೇಳುವುದಾದರೆ, ಪಕ್ಷಗಳಿಂದ ನಿರೀಕ್ಷೆ ಕಡಿಮೆ. ಪೊಲೀಸ್ ರಾಜ್ಯ ಪಟ್ಟಿಯ ವಿಷಯ, ಕೇಂದ್ರ ಸಲಹೆ ಕೊಡಬಹುದು ಅಷ್ಟೆ. ಸೋಲಿ ಸೊರಾಬ್ಜಿ ಸಮಿತಿ 2006ರಲ್ಲಿ ಸಿದ್ಧಪಡಿಸಿದ ಮಾದರಿ ಪೊಲೀಸ್ ಕಾಯ್ದೆ ಮಾದರಿಯಾಗಿಯೇ ಉಳಿದಿದೆ. ಮಹಾರಾಷ್ಟ್ರದಲ್ಲಿ 2014ರ ನಂತರ ಬಿಜೆಪಿ-ಶಿವಸೇನೆ, ಮಹಾವಿಕಾಸ ಆಘಾಡಿ, ಮಹಾಯುತಿ ಹೀಗೆ ಹೆಚ್ಚುಕಡಿಮೆ ಎಲ್ಲ ದೊಡ್ಡ ಪಕ್ಷಗಳೂ ಅಧಿಕಾರದ ರುಚಿ ಕಂಡಿವೆ. ಮಧ್ಯಾವಧಿ ವರ್ಗಾವಣೆಯ ಅಧಿಕಾರವನ್ನು ಮಂತ್ರಿಯ ಕೈಯಿಂದ ತೆಗೆಯೋಣ ಎಂದು ಅಧಿಕಾರದಲ್ಲಿದ್ದಾಗ ಯಾರೂ ಹೊರಡಲಿಲ್ಲ. ಪ್ರತಿಪಕ್ಷದಲ್ಲಿದ್ದಾಗ ಎಲ್ಲರೂ ಪೊಲೀಸ್ ದುರ್ಬಳಕೆಯ ಬಗ್ಗೆ ಮಾತಾಡಿದ್ದಾರೆ.

2024ರ ಕೊನೆಯಲ್ಲಿ ಮಹಾಯುತಿ ಭಾರಿ ಬಹುಮತದಿಂದ ಗೆದ್ದ ಮೇಲೂ ಸರ್ಕಾರ ರಚನೆ ದಿನಗಟ್ಟಲೆ ಎಳೆಯಿತು. ಗೃಹ ಖಾತೆ ತಮಗೆ ಬೇಕು ಎಂದು ಏಕನಾಥ ಶಿಂದೆ ಅವರ ಶಿವಸೇನೆ ನಾಯಕರು ಬಹಿರಂಗವಾಗಿಯೇ ಕೇಳಿದರು. ಫಡ್ನವೀಸ್ ಅದನ್ನು ತಮ್ಮಲ್ಲೇ ಇಟ್ಟುಕೊಂಡರು. ಶಿಂದೆ ಅವರ ರಾಜಕೀಯ ನೆಲೆ ಥಾಣೆ, ಅವರ ಪುತ್ರ ಶ್ರೀಕಾಂತ್ ಶಿಂದೆ ಕಲ್ಯಾಣದ ಸಂಸದ. ಈ ಭಾಗದ ಠಾಣೆಗಳ ಮೇಲಿನ ಹಿಡಿತ ಎಂದರೆ ಏನು ಎಂಬುದು ಮಿತ್ರಪಕ್ಷಗಳಿಗೆ ಪರಸ್ಪರ ಚೆನ್ನಾಗಿ ಗೊತ್ತು. ಹಾಗೆ ಹಟ ಹಿಡಿದು ಪಡೆದ ಖಾತೆಯ ಮುಖ್ಯ ಅಸ್ತ್ರವನ್ನು ಯಾರಾದರೂ ತಾವಾಗಿಯೇ ಕೆಳಗಿಡುತ್ತಾರೆ ಎಂದು ನಂಬುವುದು ಕಷ್ಟ.

ಹೋಲಿಕೆಗೆ ಇನ್ನೊಂದು ಕಾನೂನು ನೋಡಬಹುದು. ಸರ್ಕಾರಕ್ಕೆ ಹೊಸ ಅಧಿಕಾರ ಕೊಡುವ ಮಹಾರಾಷ್ಟ್ರ ವಿಶೇಷ ಸಾರ್ವಜನಿಕ ಭದ್ರತಾ ಮಸೂದೆ 2024ರ ಜುಲೈನಲ್ಲಿ ಮಂಡನೆಯಾಗಿ, ಜಂಟಿ ಸಮಿತಿಗೆ ಹೋಗಿ ಬಂದು, 2025ರ ಜುಲೈನಲ್ಲಿ ಅಂಗೀಕಾರವಾಯಿತು. ಒಂದು ವರ್ಷ. ಪೊಲೀಸರನ್ನು ಉತ್ತರದಾಯಿಯಾಗಿಸುವ ತಿದ್ದುಪಡಿಗೆ ಸುಪ್ರೀಂ ಕೋರ್ಟ್ ತೀರ್ಪಿನ ನಂತರವೂ ಏಳು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಊರಿನ ಕಡೆ ನೋಡಿದರೂ ದೊಡ್ಡ ವ್ಯತ್ಯಾಸವಿಲ್ಲ. ಕರ್ನಾಟಕ 2012ರಲ್ಲಿ ತಿದ್ದುಪಡಿ ತಂದಾಗ ಎರಡು ವರ್ಷದ ಬದಲು ಒಂದೇ ವರ್ಷದ ಅವಧಿ ಇಟ್ಟಿತು, ಎರಡಕ್ಕೆ ಏರಿಸಿದ್ದು ಬಹಳ ತಡವಾಗಿ. 2025ರ ಜೂನ್ 4ರ ಚಿನ್ನಸ್ವಾಮಿ ಕಾಲ್ತುಳಿತದ ಮರುದಿನವೇ ಬೆಂಗಳೂರು ಪೊಲೀಸ್ ಆಯುಕ್ತರನ್ನು ಅಮಾನತು ಮಾಡಿದ ಸರ್ಕಾರ ಜುಲೈನಲ್ಲಿ ಆದೇಶ ಹಿಂಪಡೆಯಿತು.

ಹಾಗಾದರೆ ಚಲನೆ ಎಲ್ಲಿಂದ? ಈವರೆಗಿನ ಅನುಭವದಲ್ಲಿ ನ್ಯಾಯಾಲಯಗಳಿಂದ, ಅದೂ ತುಣುಕು ತುಣುಕಾಗಿ. ದೇಶದ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಜಾರಿ ಸರಿಯಾಗಿಲ್ಲ ಎಂದು 2025ರ ಸೆಪ್ಟೆಂಬರ್‌ನಲ್ಲಿ ಸ್ವಯಂಪ್ರೇರಿತವಾಗಿ ಮತ್ತೆ ವಿಷಯ ಕೈಗೆತ್ತಿಕೊಂಡಿತು. ಗೃಹ ಸಚಿವರ ಅಧಿಕಾರ ಮುಟ್ಟದ ಇಂಥ ಸುಧಾರಣೆಗಳಿಗೆ ವಿರೋಧ ಕಡಿಮೆ, ಹಾಗಾಗಿ ಇವು ಮುಂದೆ ಸಾಗುವ ಸಾಧ್ಯತೆ ಹೆಚ್ಚು.

ಈಗಲೇ ಬಳಸಬಹುದಾದದ್ದು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಹಳೆಯ ಸುಧಾರಣಾ ಬೇಡಿಕೆಗಳ ಕೆಲವು ಚೂರುಗಳಿವೆ. ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. "ಝೀರೋ ಎಫ್‌ಐಆರ್" ಎಂದು ಕರೆಯುವುದು ಇದನ್ನೇ. ರೈಲಿನಲ್ಲಿ ದರೋಡೆಯಾದವರು ತುರ್ಭೆಯಲ್ಲಿ ಇಳಿದು ಅಲ್ಲಿನ ಠಾಣೆಯಲ್ಲೇ ಬರೆಸಬಹುದು. ನಮ್ಮ ಹದ್ದಲ್ಲ ಎನ್ನುವಂತಿಲ್ಲ. ಆನ್‌ಲೈನ್ ಮೂಲಕ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಬರೆದದ್ದನ್ನು ದೂರುದಾರರಿಗೆ ಓದಿ ಹೇಳಬೇಕು. ಮರಾಠಿ ಓದಲು ಬಾರದ ಕನ್ನಡಿಗರು ಸಹಿಗೆ ಮುನ್ನ ಇದನ್ನು ಕೇಳಿ ಪಡೆಯಬೇಕು, ಏಕೆಂದರೆ ಮುಂದೆ ಕೋರ್ಟಿನಲ್ಲಿ ನಿಲ್ಲುವುದು ಬರೆದ ಮಾತು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ತಿಳಿಸುವುದೂ ಪೊಲೀಸರ ಹೊಣೆ.

ಮಹಾರಾಷ್ಟ್ರದ ಠಾಣೆಗಳಲ್ಲಿ ಒಂದು ಎಚ್ಚರ ಅಗತ್ಯ. ಎಷ್ಟೋ ಸಲ ದೂರನ್ನು "ಎನ್‌ಸಿ" ಎಂದು ಬರೆದು ಒಂದು ಚೀಟಿ ಕೊಟ್ಟು ಕಳಿಸುತ್ತಾರೆ. ಅದು ಎಫ್‌ಐಆರ್ ಅಲ್ಲ. ಎನ್‌ಸಿ ಆದರೆ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ಅಂದರೆ ಚೀಟಿ ಜೇಬಿನಲ್ಲೇ ಉಳಿಯುತ್ತದೆ. ಹೊಸ ಸಂಹಿತೆಯಲ್ಲಿ ಇನ್ನೊಂದು ವಿಳಂಬದ ದಾರಿಯೂ ಇದೆ: ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಮೇಲಧಿಕಾರಿಯ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಬಹುದು. ಪೆಟ್ಟು ತಿಂದವನಿಗೆ ಹದಿನಾಲ್ಕು ದಿನ ದೊಡ್ಡದು. ರಾಜಿ ಒತ್ತಡ ಬರುವುದೂ ಆ ದಿನಗಳಲ್ಲೇ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಬರೆದು ಅಂಚೆಯ ಮೂಲಕ ಮೇಲಧಿಕಾರಿಗೆ ಕಳಿಸಬೇಕು. ಜಿಲ್ಲೆಯಲ್ಲಾದರೆ ಎಸ್‌ಪಿ, ನವಿ ಮುಂಬೈ ಮತ್ತು ಥಾಣೆಯಂಥ ಆಯುಕ್ತಾಲಯದಲ್ಲಾದರೆ ವಲಯದ ಡಿಸಿಪಿ. ಅಲ್ಲೂ ಕೆಲಸ ಆಗದಿದ್ದರೆ ಅಫಿಡವಿಟ್ ಸಮೇತ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಹಾಕಿ ತನಿಖೆಗೆ ಆದೇಶ ಕೇಳಬಹುದು. ಡಿಸಿಪಿಗೆ ಕಳಿಸಿದ ದೂರಿನ ಪ್ರತಿ ಮತ್ತು ರಿಜಿಸ್ಟರ್ಡ್ ಪೋಸ್ಟಿನ ರಸೀದಿ ಜೋಪಾನವಾಗಿರಲಿ. ಮ್ಯಾಜಿಸ್ಟ್ರೇಟ್ ಮೊದಲು ನೋಡಲು ಕೇಳುವ ಕಾಗದ ಅದು.